‘ಮಾ ಭೂಮಿ’ : ನೇಗಿಲು ಹಿಡಿದ ಕೈಗೆ ಬಂದೂಕು ಬಂದ ಬಗೆ

ದಾರಿದ್ರ್ಯವೇ ದಂಗೆಯ ತಾಯಿ ಎಂಬ ಮಾತು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಸವೆದುಹೋಗುವಷ್ಟು ಸಲ ಕೇಳಿಬಂದಿದೆ. ಅದು ಅರ್ಧ ಸತ್ಯವೆಂದು ನಾವು ಮೊದಲಿಗೇ ಹೇಳಬಯಸುತ್ತೇವೆ. ಹಸಿವೊಂದೇ ಮನುಷ್ಯನ ಕೈಗೆ ಆಯುಧವನ್ನು ಕೊಡುವದಾಗಿದ್ದರೆ 1943ರಲ್ಲಿ ವಂಗದೇಶವು ಹೊತ್ತಿ ಉರಿಯಬೇಕಾಗಿತ್ತು. ಆ ಕ್ಷಾಮದಲ್ಲಿಯೂ ಅದರ ಬೆನ್ನಿಗೆ ಬಂದ ರೋಗಗಳಲ್ಲಿಯೂ ಸುಮಾರು 30 ಲಕ್ಷ ಜನರು ಅಳಿದರು. ಕಲಕತ್ತೆಯ ಬೀದಿಗಳಲ್ಲಿ ಗಂಜಿಯ ತಿಳಿಗಾಗಿ ಅಂಗಲಾಚಿ, ಧಾನ್ಯ ತುಂಬಿದ ಅಂಗಡಿಗಳ ಎದುರಿನಲ್ಲಿಯೇ ಹೆಣವಾಗಿ ಬಿದ್ದರು. ಅಂಗಡಿಗೆ ಕೈಯಿಕ್ಕಿದವರು ತೀರ ವಿರಳ. ಹಸಿದವನು ಮೊದಲು ಬೇಡುತ್ತಾನೆ, ಬಳಿಕ ಊರು ಬಿಡುತ್ತಾನೆ, ಕೊನೆಗೆ ಸಾಯುತ್ತಾನೆ. ಹಾಗಾದರೆ ಬಡವನು ಬಂದೂಕು ಹಿಡಿಯುವದು ಯಾವಾಗ? ಹಸಿವಿನೊಡನೆ ಮತ್ತೇನು ಕೂಡಿದಾಗ ಅವನು ಸಾಯುವದಕ್ಕೆ ಬದಲಾಗಿ ಕೊಲ್ಲುವದಕ್ಕೆ ಸಿದ್ಧನಾಗುತ್ತಾನೆ? ತೆಲುಗಿನ ‘ಮಾ ಭೂಮಿ’ ಎಂಬ ಚಿತ್ರಪಟವು ಈ ಪ್ರಶ್ನೆಗೆ ಕೊಡುವ ಉತ್ತರವನ್ನು ವಾಚಕರ ಮುಂದಿಟ್ಟು, ಅದರ ಯೋಗ್ಯತೆಯನ್ನು ತೂಗಿ ನೋಡುವದೇ ಈ ಲೇಖನದ ಉದ್ದೇಶವಾಗಿದೆ.

‘ಮಾ ಭೂಮಿ’ ಎಂದರೆ ‘ನಮ್ಮ ಭೂಮಿ’. 1979ರ ಈ ಚಿತ್ರಪಟವನ್ನು ನಿರ್ದೇಶಿಸಿದವರು ಬಂಗಾಲಿಗಳಾದ ಗೌತಮ ಘೋಷರು, ನಿರ್ಮಾಪಕರು ಬಿ. ನರಸಿಂಗರಾವ್ ಮತ್ತು ಜಿ. ರವೀಂದ್ರನಾಥರು. ಘೋಷರಿಗೆ ಇದು ಮೊದಲನೆಯ ಕಥಾಚಿತ್ರ. ಇದಕ್ಕೂ ಮುಂಚೆ ಅವರು ಬಂಗಾಲದಲ್ಲಿ 1974ರಲ್ಲಿ ಬಿದ್ದ ಬರವನ್ನು ಕುರಿತು ‘ಹಂಗ್ರಿ ಆಟಮ್’ ಎಂಬ ಸಾಕ್ಷ್ಯಚಿತ್ರವನ್ನು ತೆಗೆದಿದ್ದರು. ಹಸಿದು ಸುಮ್ಮನಿದ್ದ ಜನರನ್ನು ಮೊದಲು ಕಂಡು, ಹಸಿದು ಎದ್ದು ನಿಂತ ಜನರನ್ನು ಆಮೇಲೆ ಚಿತ್ರಿಸಲು ಹೊರಟವರು ಇವರು. ಕಥೆಗೆ ಆಧಾರವಾದದ್ದು ಉರ್ದುವಿನ ಪ್ರಸಿದ್ಧ ಲೇಖಕ ಕೃಷನ್ ಚಂದರರ ‘ಜಬ್ ಖೇತ್ ಜಾಗೇ’ ಎಂಬ ಕಾದಂಬರಿ. ಇದೇ ಹೆಸರಿನ ನಾಟಕವೊಂದನ್ನು ಸುಂಕರ ಸತ್ಯನಾರಾಯಣ, ವಾಸಿರೆಡ್ಡಿ ಭಾಸ್ಕರರಾವ್ ಎಂಬವರು 1947ರಲ್ಲಿಯೇ ಬರೆದು, ಅದು ಆಂಧ್ರದ ಹಳ್ಳಿಹಳ್ಳಿಗಳಲ್ಲಿ ಆಡಲ್ಪಟ್ಟಿತ್ತು. ನಾಯಕನಾದ ರಾಮಯ್ಯನ ಪಾತ್ರವನ್ನು ವಹಿಸಿದ ಸಾಯಿಚಂದ್ ಎಂಬ ತರುಣನಿಗೆ ಪರದೆಯ ಪರಿಚಯವೇ ಹೊಸದು. ಇನ್ನೂ ನಾಡಿಗೆಲ್ಲ ಹೆಸರಾಗದಿದ್ದ ಹಾಡುಗಾರ ಗದ್ದರರು ಹೋರಾಟದ ಕಾಲದ ಒಂದು ಹಾಡನ್ನು ಇದರಲ್ಲಿ ತಾವೇ ಕಾಣಿಸಿಕೊಂಡು ಹಾಡಿರುವರು. ಬಣ್ಣವಿಲ್ಲ, ಬೆಡಗಿಲ್ಲ, ಹಳ್ಳಿಯ ಜನ, ಹಳ್ಳಿಯ ಮಾತು. ಆದರೂ ಈ ಚಿತ್ರವನ್ನು ಹೈದರಾಬಾದಿನ ಜನರು ತಿಂಗಳುಗಟ್ಟಲೆ ಬೆಳಗಿನ ಆಟಗಳಿಗೆ ಹೋಗಿ ನೋಡಿದರು.

ಕಥೆ ನಡೆಯುವದು ನಿಜಾಮರ ಆಳಿಕೆಯಲ್ಲಿದ್ದ ತೆಲಂಗಾಣದಲ್ಲಿ. ಆ ಸಂಸ್ಥಾನದ ಸ್ಥಿತಿಯನ್ನು ಅರಿಯದವರಿಗೆ ಚಿತ್ರದ ಅರ್ಧ ಅರ್ಥವು ತಪ್ಪಿಹೋಗುವದು. ಹೈದರಾಬಾದ ಸಂಸ್ಥಾನದ ಭೂಮಿಯಲ್ಲಿ ಸುಮಾರು ನೂರಕ್ಕೆ 60ರಷ್ಟು ದಿವಾನಿ, ಎಂದರೆ ಸರಕಾರಿ ಕಂದಾಯಕ್ಕೆ ಒಳಪಟ್ಟದ್ದು, 30ರಷ್ಟು ಜಹಗೀರುದಾರರದು, ಉಳಿದ 10ರಷ್ಟು ನಿಜಾಮರ ಸ್ವಂತ ಖರ್ಚಿಗೆ ಮೀಸಲಾದ ಸರ್ಫೇಖಾಸ್. ದಿವಾನಿ ಭೂಮಿಯಲ್ಲಾದರೂ ರೈತನು ಸುಖಿಯೆ? ಅಲ್ಲಿ ದೇಶಮುಖರಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲನೆಯ ಸಾಲಾರ್ ಜಂಗರು ಕಂದಾಯದ ಗುತ್ತಿಗೆಯನ್ನು ರದ್ದುಗೊಳಿಸಿ ಸರಕಾರವೇ ನೇರವಾಗಿ ವಸೂಲು ಮಾಡುವ ಏರ್ಪಾಡನ್ನು ತಂದರು. ಸುಧಾರಣೆಯೇ ಸರಿ. ಆದರೆ ಮೋಜಣಿಯ ಕಾಗದಪತ್ರಗಳು ಯಾರ ಕೈಯಲ್ಲಿದ್ದುವೋ ಅವರು ಒಳ್ಳೊಳ್ಳೆಯ ಭೂಮಿಗಳನ್ನು ತಮ್ಮ ಹೆಸರಿಗೆ ಬರೆಯಿಸಿಕೊಂಡರು. ತಲೆತಲಾಂತರದಿಂದ ಉತ್ತ ರೈತನಿಗೆ ತಾನು ಒಡೆಯನಲ್ಲ, ಗೇಣಿಯ ಒಕ್ಕಲು ಮಾತ್ರ ಎಂಬುದು ತಿಳಿದದ್ದು ಕಾಲ ಮಿಂಚಿದ ಮೇಲೆ. ಜನಗಾಂವ ತಾಲೂಕಿನ ವಿಸ್ನೂರು ದೇಶಮುಖನಿಗೆ 40,000 ಎಕರೆ ಭೂಮಿಯಿತ್ತೆಂದು ಆ ಹೋರಾಟದ ನಾಯಕರಾದ ಪಿ. ಸುಂದರಯ್ಯನವರು ಬರೆದಿರುವರು. ಇಷ್ಟು ಭೂಮಿಯು ನೇಗಿಲಿನಿಂದ ಗಳಿಸಿದ್ದಲ್ಲ, ಕತ್ತಿಯಿಂದ ಗಳಿಸಿದ್ದೂ ಅಲ್ಲ. ಬಹುಭಾಗ ಲೇಖಣಿಯಿಂದ ಗಳಿಸಿದ್ದು. ದಫ್ತರಗಳಲ್ಲಿ ಕುಳಿತು ಬರೆಯುವ ನಮ್ಮ ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು.

ಇದರ ಮೇಲೆ ಬಿಟ್ಟಿ ಚಾಕರಿ. ಕುಂಬಾರನು ಗಡಿಗೆಯನ್ನೂ, ಸಮಗಾರನು ಮೆಟ್ಟನ್ನೂ, ಕುರುಬನು ಕುರಿಯನ್ನೂ ದೇಶಮುಖನ ಗಢಿಗೆ, ಎಂದರೆ ಕೋಟೆಯಂಥ ಅವನ ಮನೆಗೆ, ಬಿಟ್ಟಿಯಾಗಿ ಒಪ್ಪಿಸಬೇಕು. ಅಗಸನು ಬಟ್ಟೆ ಒಗೆಯಬೇಕು. ಅಸ್ಪೃಶ್ಯರೆನಿಸಿದವರ ಪ್ರತಿಯೊಂದು ಮನೆಯಿಂದ ಒಬ್ಬನು ಕರೆದ ಕೆಲಸಕ್ಕೆ ಓಡಬೇಕು. ಮಳೆ ಬಿದ್ದ ದಿನ ರೈತನು ತನ್ನ ಎತ್ತುಗಳನ್ನು ಮೊದಲು ದೊರೆಯ ಹೊಲದಲ್ಲಿ ಹೂಡಿ, ಹದ ಆರಿದ ಮೇಲೆ ತನ್ನ ಹೊಲಕ್ಕೆ ಬರಬೇಕು. ದೇಶಮುಖನ ಮಗಳು ಗಂಡನ ಮನೆಗೆ ಹೋಗುವಾಗ ಬಡವರ ಹೆಣ್ಣುಮಕ್ಕಳನ್ನು ದಾಸಿಯರನ್ನಾಗಿ ಅವಳೊಡನೆ ಕಳಿಸುವ ಪದ್ಧತಿಯೂ ಇದ್ದಿತು. ಮುಖ್ಯವಾದ ಸಂಗತಿಯೆಂದರೆ, ಈ ಬಿಟ್ಟಿಯು ದೇಶಮುಖನಿಗೆ ಮಾತ್ರ ಸಲ್ಲುತ್ತಿರಲಿಲ್ಲ. ಊರಿಗೆ ದೌರೆ ಬಂದ ಸರಕಾರಿ ಅಧಿಕಾರಿಗಳ ಸಾಮಾನು ಹೊರುವದಕ್ಕೂ, ಅವರ ಕುದುರೆಗೆ ಹುಲ್ಲು ತರುವದಕ್ಕೂ, ಅವರ ಅಡಿಗೆಗೆ ಕೋಳಿ ಒದಗಿಸುವದಕ್ಕೂ ಸಲ್ಲುತ್ತಿತ್ತು. ಬಿಟ್ಟಿಯನ್ನು ಉಣ್ಣುವ ಅಧಿಕಾರಿಯ ಮುಂದೆ ಬಿಟ್ಟಿಯ ಮೇಲಿನ ದೂರನ್ನು ಹೇಳಿಕೊಳ್ಳುವದು ಹೇಗೆ? ಹೇಳಿಕೊಂಡರೂ ಕಚೇರಿಯ ಭಾಷೆ ಉರ್ದು, ರೈತನ ಭಾಷೆ ತೆಲುಗು.

ಚಿತ್ರದ ನಾಯಕನಾದ ರಾಮಯ್ಯನು ಸಿರಿಪುರವೆಂಬ ಹಳ್ಳಿಯ ಇಂಥದೊಂದು ಬಡ ಒಕ್ಕಲಿನ ಮನೆಯ ಮಗ. ಅವನಿಗೆ ಸಿದ್ಧಾಂತವಿಲ್ಲ, ಪಕ್ಷದ ಹೆಸರು ಕೂಡ ಗೊತ್ತಿಲ್ಲ. ಅವನು ಚಂದ್ರಿಯೆಂಬ ಲಂಬಾಣಿಯ ಹುಡುಗಿಯನ್ನು ಪ್ರೀತಿಸುತ್ತಾನೆ. ಆ ಹುಡುಗಿ ಜಮೀನುದಾರನ ಕಾಮಕ್ಕೆ ಬಲಿಯಾಗಬೇಕಾದಾಗ ಅವನಿಗೆ ಬರುವದು ಜಮೀನುದಾರನ ಮೇಲಿನ ಸಿಟ್ಟಲ್ಲ; ಆ ಬಡ ಹುಡುಗಿಯ ಮೇಲಿನ ಸಿಟ್ಟು! ನಿರ್ದೇಶಕರು ಮನುಷ್ಯಸ್ವಭಾವವನ್ನು ಬಲ್ಲರೆಂಬುದಕ್ಕೆ ಇದೊಂದು ಪ್ರಸಂಗವೇ ಸಾಕು. ತುಳಿಯಲ್ಪಟ್ಟವನ ಕೋಪವು ಮೊದಲು ತನಗಿಂತ ದುರ್ಬಲರ ಮೇಲೆಯೇ ಹರಿಯುವದು. ಅದು ಮೇಲ್ಮೊಗವಾಗಿ ಹರಿಯಲು ಕಾಲ ಬೇಕು, ಕಲಿಕೆ ಬೇಕು. ಮನಸ್ಸು ಮುರಿದು ರಾಮಯ್ಯನು ಊರು ಬಿಡುತ್ತಾನೆ. ಸೂರ್ಯಾಪೇಟೆಗೆ ಹೋಗಿ ಅಲ್ಲಿಂದ ಹೈದರಾಬಾದನ್ನು ಸೇರುತ್ತಾನೆ. ನವಾಬರ ಮಹಲುಗಳ ನಗರದಲ್ಲಿ ರಿಕ್ಷಾ ಎಳೆಯುತ್ತಾನೆ, ಕಾರಖಾನೆಯಲ್ಲಿ ದುಡಿಯುತ್ತಾನೆ. ಮಕಬೂಲನೆಂಬ ಮುಸಲ್ಮಾನ ಕಾರ್ಮಿಕ ಮುಖಂಡನ ಸ್ನೇಹವಾಗುತ್ತದೆ. ಅವನಿಂದ ರಾಮಯ್ಯನಿಗೆ ದೊರೆತದ್ದು ಬಂದೂಕಲ್ಲ, ಅಕ್ಷರ. ಓದು ಬಂದ ಮೇಲೆ ತನ್ನ ಹಳ್ಳಿಯ ದುಃಖವು ಹಣೆಬರಹವಲ್ಲ, ಯಾರೋ ಬರೆದದ್ದು ಎಂಬುದು ಅವನಿಗೆ ತಿಳಿಯುತ್ತದೆ. ಆಗ ಅವನು ಊರಿಗೆ ಮರಳುತ್ತಾನೆ.

ಚಿತ್ರವು ಕೊಡುವ ಉತ್ತರವು ಇಲ್ಲಿದೆಯೆಂದು ನಾವು ತಿಳಿಯುತ್ತೇವೆ. ಬಂದೂಕು ರಾಮಯ್ಯನ ಮೊದಲನೆಯ ಮಾರ್ಗವಲ್ಲ, ಕೊನೆಯದು. ದುಡಿದು ಬದುಕೋಣವೆಂದರೆ ದುಡಿಮೆಯ ಫಲ ಗಢಿಗೆ ಸೇರಿತು. ಪ್ರೀತಿಸಿ ಸಂಸಾರ ಹೂಡೋಣವೆಂದರೆ ಹೆಣ್ಣಿನ ಮಾನ ಗಢಿಗೆ ಸೇರಿತು. ಊರು ಬಿಟ್ಟು ನಗರದಲ್ಲಿ ಉಳಿಯೋಣವೆಂದರೆ ಅಲ್ಲಿಯೂ ಅದೇ ಒಡೆತನ ಬೇರೊಂದು ವೇಷದಲ್ಲಿ ಎದುರಾಯಿತು. ಒಂದೊಂದೇ ಬಾಗಿಲನ್ನು ತಟ್ಟಿ ನೋಡಿ, ಒಂದೂ ತೆರೆಯದೆ ಹೋದ ಮೇಲೆ, ಇವು ತಾವಾಗಿ ಮುಚ್ಚಿದ ಬಾಗಿಲುಗಳಲ್ಲ, ಒಳಗಿನಿಂದ ಅಗುಳಿ ಹಾಕಿಕೊಂಡವರಿದ್ದಾರೆ ಎಂಬ ಅರಿವು ಬಂದಾಗಲೇ ಹಸಿವು ದಂಗೆಯಾಗಿ ಮಾರ್ಪಡುವದು.

ಇತಿಹಾಸವೂ ಹೀಗೆಯೇ ಸಾಕ್ಷ್ಯ ನುಡಿಯುತ್ತದೆ. ತೆಲಂಗಾಣದ ಆಂದೋಲನವು ಮೊದಲಾದದ್ದು ವಾಚನಾಲಯಗಳಿಂದ, ಭಾಷಾಭಿಮಾನದಿಂದ, ಅರ್ಜಿಗಳಿಂದ. ಆಂಧ್ರ ಮಹಾಸಭೆಯು ವರುಷ ವರುಷವೂ ನಯವಾದ ಠರಾವುಗಳನ್ನು ಮಾಡಿ ಬಿಟ್ಟಿಯನ್ನು ನಿಲ್ಲಿಸಿರೆಂದು ಬೇಡಿಕೊಂಡಿತು. 1944ರ ಭುವನಗಿರಿಯ ಅಧಿವೇಶನದಲ್ಲಿ ರಾವಿ ನಾರಾಯಣರೆಡ್ಡಿಯವರ ಅಧ್ಯಕ್ಷತೆಯಲ್ಲಿ ಅದು ಬಡ ರೈತರ ಸಂಘವಾಗಿ ಮಾರ್ಪಟ್ಟಿತು. ಪಾಲಕುರ್ತಿಯ ಅಗಸಗಿತ್ತಿ ಐಲಮ್ಮ ತಾನು ಬೆಳೆದ ಪೈರನ್ನು ದೇಶಮುಖನ ಜನರು ಒಯ್ಯಲು ಬಂದಾಗ ಸಂಘದ ಸ್ವಯಂಸೇವಕರ ನೆರವಿನಿಂದ ಅದನ್ನು ಉಳಿಸಿಕೊಂಡಳು. 1946ರ ಜುಲೈ 4ರಂದು ಕಡವೆಂಡಿಯಲ್ಲಿ ಮೆರವಣಿಗೆ ಹೊರಟ ರೈತರ ಮೇಲೆ ದೇಶಮುಖನ ಕಡೆಯವರು ಗುಂಡು ಹಾರಿಸಲು ದೊಡ್ಡಿ ಕೊಮರಯ್ಯನೆಂಬ ತರುಣನು ಸತ್ತುಬಿದ್ದನು. ಮೊದಲ ಗುಂಡು ಹಾರಿದ್ದು ಯಾವ ಕಡೆಯಿಂದ ಎಂಬುದನ್ನು ವಾಚಕರು ಲಕ್ಷಿಸಬೇಕು. ಆ ಮೇಲೆಯೂ ಬಹುಕಾಲ ರೈತರ ಕೈಯಲ್ಲಿದ್ದವು ದೊಣ್ಣೆ, ಕವಣೆಗಲ್ಲು, ಹೆಂಗಸರ ಕೈಯಲ್ಲಿ ಖಾರದ ಪುಡಿ. ಸಂಘವನ್ನು ನಿಷೇಧಿಸಿ, ಪೊಲೀಸರನ್ನು ನುಗ್ಗಿಸಿ, ಅದರ ಹಿಂದೆಯೇ ಕಾಸಿಂ ರಜವಿಯ ರಜಾಕಾರರು ಹಳ್ಳಿಗಳನ್ನು ಸುಡತೊಡಗಿದ ಮೇಲೆ ಬಂದೂಕು ಬಂದಿತು.

ಇದು ತೆಲುಗರ ಕಥೆ ಮಾತ್ರವೆಂದು ಕನ್ನಡಿಗರು ದೂರ ನಿಲ್ಲುವಂತಿಲ್ಲ. ಆ ಸಂಸ್ಥಾನದ 16 ಜಿಲ್ಲೆಗಳಲ್ಲಿ ರಾಯಚೂರು, ಗುಲಬರ್ಗಾ, ಬೀದರಗಳು ನಮ್ಮವು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವು ಆ ಭಾಗದ ಜನರ ನೆನಪಿನಿಂದ ಇಂದಿಗೂ ಅಳಿದಿಲ್ಲ. ಮುಂಡರಗಿಯೇ ಮೊದಲಾದ ಗಡಿಯ ಊರುಗಳಲ್ಲಿ ಶಿಬಿರಗಳೆದ್ದವು. ಅಳವಂಡಿಯ ಶಿವಮೂರ್ತಿಸ್ವಾಮಿಗಳಂಥವರ ಮುಂದಾಳುತನದಲ್ಲಿ, ಮೊನ್ನೆ ಮೊನ್ನೆಯವರೆಗೆ ಮಳೆಬೆಳೆಯ ಮಾತಾಡುತ್ತಿದ್ದ ತರುಣರು ಆಯುಧ ಹಿಡಿದು ಗಡಿ ದಾಟಿದರು. ಅವರನ್ನು ನಾವು ಸ್ವಾತಂತ್ರ್ಯಯೋಧರೆಂದು ಗೌರವಿಸುತ್ತೇವೆ; ಗೌರವಿಸತಕ್ಕದ್ದೇ. ಆದರೆ ಅದೇ ವರುಷ, ಅದೇ ಸಂಸ್ಥಾನದಲ್ಲಿ, ಅದೇ ರಜಾಕಾರರ ಎದುರಿಗೆ ಬಂದೂಕು ಹಿಡಿದ ನಲಗೊಂಡೆಯ ಒಕ್ಕಲಿಗನನ್ನು ದಂಗೆಕೋರನೆಂದು ಕರೆದೆವು. ಇಬ್ಬರ ನಡುವಣ ಅಂತರವೇನೆಂದರೆ, ಒಬ್ಬನು ನಿಜಾಮನು ಹೋಗಬೇಕೆಂದನು, ಇನ್ನೊಬ್ಬನು ನಿಜಾಮನೊಡನೆ ದೇಶಮುಖನೂ ಹೋಗಬೇಕೆಂದನು.

ಈ ಅಂತರದ ಮೇಲೆಯೇ ಚಿತ್ರದ ಕೊನೆಯ ಭಾಗ ನಿಂತಿದೆ. ರಾಷ್ಟ್ರೀಯರೆನಿಸಿಕೊಳ್ಳುವ ನಮ್ಮಂಥವರಿಗೆ ಕಹಿಯಾಗುವದೂ ಈ ಭಾಗವೇ. ರೈತರು ಎದ್ದಾಗ ಜಮೀನುದಾರನು ನಗರಕ್ಕೆ ಓಡಿಹೋಗುತ್ತಾನೆ. ಸಿರಿಪುರದ ಭೂಮಿ ಉಳುವವರಿಗೆ ಹಂಚಿಕೆಯಾಗುತ್ತದೆ. 1948ರ ಸಪ್ಟಂಬರ 13ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ಐದು ದಿನಗಳಲ್ಲಿ ನಿಜಾಮರು ಶರಣಾದರು. ಅಸಫಜಾಹಿ ಮನೆತನದ ಸ್ವತಂತ್ರ ಆಳಿಕೆ ಕೊನೆಗಂಡಿತು. ಜನರು ಹರ್ಷದಿಂದ ಬರಮಾಡಿಕೊಂಡರು. ಆದರೆ ಪರದೆಯ ಮೇಲೆ ಆ ಸೈನ್ಯದ ಬೆನ್ನ ಹಿಂದೆ ಓಡಿಹೋಗಿದ್ದ ಜಮೀನುದಾರನೂ ಮರಳುತ್ತಾನೆ. ಅವನ ಭೂಮಿ ಅವನಿಗೆ ಮರಳುತ್ತದೆ. ರಾಮಯ್ಯನು ಗುಂಡಿಗೆ ಬಲಿಯಾಗುತ್ತಾನೆ. ನಿಜಾಮನ ಗುಂಡು ತಾಕದೆ ಉಳಿದವನು ಸ್ವತಂತ್ರ ಭಾರತದ ಗುಂಡಿಗೆ ಸಾಯುವದನ್ನು ಕಂಡು ಪ್ರೇಕ್ಷಕನು ತಲೆ ತಗ್ಗಿಸಿಕೊಂಡು ಹೊರಬರುತ್ತಾನೆ.

ಇದು ಪಕ್ಷಪಾತದ ಚಿತ್ರಣವೆಂದು ತಳ್ಳಿಹಾಕುವದು ಸುಲಭ. ಚಿತ್ರದಲ್ಲಿ ಪಕ್ಷಪಾತ ಇಲ್ಲದಿಲ್ಲ. ಅಲ್ಲಿನ ಜಮೀನುದಾರನಲ್ಲಿ ಒಂದು ಮನುಷ್ಯಗುಣವನ್ನೂ ಕಾಣೆವು. ದಳಗಳ ಕೈಯಿಂದಲೂ ಕೊಲೆಗಳಾದುವು, ಅದರಲ್ಲಿ ನಿರಪರಾಧಿಗಳೂ ಇದ್ದರು. ಚಿತ್ರವು ಅತ್ತ ಕಣ್ಣು ಹಾಯಿಸುವದಿಲ್ಲ. ಎಲ್ಲಕ್ಕಿಂತ ಮಿಗಿಲಾದ ಕೊರತೆಯೆಂದರೆ, ಅದು ರಾಮಯ್ಯನ ಮರಣದಲ್ಲಿ ನಿಂತುಬಿಡುತ್ತದೆ. ಅವನ ಸಂಗಡಿಗರು ಕಾಡಿನಲ್ಲಿ ಕಳೆದ ಮುಂದಿನ ಮೂರು ವರುಷಗಳನ್ನು ತೋರಿಸುವದಿಲ್ಲ. ಸುಂದರಯ್ಯನವರ ಲೆಕ್ಕದ ಪ್ರಕಾರ ಹೋರಾಟವು ಉಚ್ಚಸ್ಥಿತಿಯಲ್ಲಿದ್ದಾಗ ಸುಮಾರು 3,000 ಹಳ್ಳಿಗಳು ಅದರ ಕೈಯಲ್ಲಿದ್ದುವು, 10 ಲಕ್ಷ ಎಕರೆ ಭೂಮಿ ಹಂಚಿಕೆಯಾಗಿತ್ತು. ಅದಕ್ಕೆ ತೆತ್ತ ಬೆಲೆಯೆಂದು ಅವರೇ ಹೇಳುವದು 4,000 ಜನರ ಪ್ರಾಣ, 10,000ಕ್ಕೂ ಮಿಕ್ಕವರ ಸೆರೆವಾಸ. ಮತದಾನದ ಹಕ್ಕೇ ಇಲ್ಲದ ನಿಜಾಮರ ಆಳಿಕೆಯಲ್ಲಿ ಆಯುಧ ಹಿಡಿದದ್ದಕ್ಕೆ ಒಂದು ಸಮರ್ಥನೆಯುಂಟು. ಪ್ರತಿಯೊಬ್ಬ ವಯಸ್ಕನಿಗೂ ಮತವನ್ನು ಕೊಡಲು ಹೊರಟ ರಾಜ್ಯದ ಎದುರಿಗೆ ಅದನ್ನೇ ಮುಂದುವರಿಸಿದ್ದಕ್ಕೆ ಆ ಸಮರ್ಥನೆಯು ಸಾಲದೆಂದು ನಮ್ಮ ಮತ. ಸ್ವತಃ ಕಮ್ಯೂನಿಸ್ಟ ಪಕ್ಷವೇ 1951ರ ಅಕ್ಟೋಬರದಲ್ಲಿ ಹೋರಾಟವನ್ನು ಹಿಂತೆಗೆದುಕೊಂಡಿತು.

ಮುಂದೆ ನಡೆದದ್ದೇನು? ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಅದೇ ರಾವಿ ನಾರಾಯಣರೆಡ್ಡಿಯವರು ನಲಗೊಂಡೆಯಿಂದ ಲೋಕಸಭೆಗೆ ನಿಂತು, ಪಂಡಿತ ನೆಹರೂ ಅವರಿಗೆ ಬಂದುದಕ್ಕಿಂತಲೂ ಹೆಚ್ಚು ಮತಗಳನ್ನು ಪಡೆದು ಗೆದ್ದರು. ಕೆಲವು ತಿಂಗಳ ಹಿಂದೆ ಬಂದೂಕು ಹಿಡಿದಿದ್ದ ಹಳ್ಳಿಗಳು ಸಾಲಾಗಿ ನಿಂತು ಮತದ ಚೀಟಿ ಹಾಕಿದವು. ಬಂದೂಕು ಹಿಡಿದ ಬಡವನಿಗೆ ಬಂದೂಕಿನ ಮೇಲೆ ಮೋಹವಿತ್ತೆಂದು ಹೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ಬೇಕಾಗಿಲ್ಲ. ಒಂದು ಬಾಗಿಲು ತೆರೆದದ್ದನ್ನು ಕಂಡೊಡನೆ ಅವನು ಅದರ ಮೂಲಕವೇ ಬಂದನು.

ಇನ್ನು ಸರಕಾರದ ಕಡೆಯನ್ನು ನೋಡೋಣ. 1949ರಲ್ಲಿ ಜಹಗೀರುಗಳು ರದ್ದಾದುವು. 1950ರಲ್ಲಿ ಗೇಣಿದಾರರನ್ನು ರಕ್ಷಿಸುವ ಕಾಯದೆ ಬಂದಿತು. 1951ರ ಏಪ್ರಿಲ್ 18ರಂದು ವಿನೋಬಾ ಭಾವೆಯವರು ಅದೇ ನಲಗೊಂಡೆ ಜಿಲ್ಲೆಯ ಪೋಚಂಪಲ್ಲಿಯಲ್ಲಿ ಹರಿಜನರಿಗಾಗಿ 80 ಎಕರೆ ಭೂಮಿಯನ್ನು ಬೇಡಲು, ವೇದಿರೆ ರಾಮಚಂದ್ರರೆಡ್ಡಿಯವರು 100 ಎಕರೆ ಕೊಟ್ಟರು, ಭೂದಾನವು ಹುಟ್ಟಿತು. ಇವೆಲ್ಲ ಒಳ್ಳೆಯ ಕಾರ್ಯಗಳೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇವು ಬಂದ ಕಾಲವನ್ನು ಸ್ವಲ್ಪ ವಿಚಾರಿಸಬೇಕು. ಇಪ್ಪತ್ತು ವರುಷ ಠರಾವು ಮಾಡಿ, ಅರ್ಜಿ ಬರೆದು, ಕೈಮುಗಿದು ಕೇಳಿದಾಗ ದೊರೆಯದ್ದು ಮೂರು ವರುಷ ಗುಂಡು ಹಾರಿದ ಮೇಲೆ ದೊರೆಯಿತು. ಅರ್ಜಿಗಿಂತ ಬಂದೂಕು ಲೇಸೆಂಬ ಪಾಠವನ್ನು ಬಡವನಿಗೆ ಕಲಿಸಿದವರು ಯಾರು? ಕಾಡಿನಲ್ಲಿದ್ದ ಯಾವ ಪ್ರಚಾರಕನೂ ಅಲ್ಲ. ಹೊತ್ತಿಗೆ ಸರಿಯಾಗಿ ಕೊಡದೆ, ಹೊತ್ತು ಮೀರಿದ ಮೇಲೆ ಕೊಟ್ಟ ರಾಜ್ಯವೇ ಅದನ್ನು ಕಲಿಸಿತು.

ಕೊಟ್ಟದ್ದಾದರೂ ಪೂರ್ತಿಯಾಗಿ ಕೈಸೇರಿತೆ? ಜಹಗೀರು ರದ್ದು ಮತ್ತು ಭೂಸುಧಾರಣೆಗಳ ಫಲವನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೊ ಅವರು ಕಂಡಂತೆ, 1951ರಲ್ಲಿದ್ದ ರಕ್ಷಿತ ಗೇಣಿದಾರರಲ್ಲಿ ಕೆಲವೇ ವರುಷಗಳೊಳಗೆ ಅರ್ಧಕ್ಕಿಂತ ಹೆಚ್ಚು ಜನರು ಹಾಗೆ ಉಳಿದಿರಲಿಲ್ಲ. ಭೂಮಿಯನ್ನು ಕೊಂಡು ಒಡೆಯರಾದವರು ಸ್ವಲ್ಪವೇ ಜನ. ಕಾಯದೆಗೆ ವಿರುದ್ಧವಾಗಿ ಹೊರದೂಡಲ್ಪಟ್ಟವರೂ, ‘ಸ್ವಸಂತೋಷದಿಂದ’ ಬಿಟ್ಟುಕೊಟ್ಟರೆಂದು ಕಾಗದದಲ್ಲಿ ಬರೆಯಲ್ಪಟ್ಟವರೂ ಅದಕ್ಕಿಂತ ಬಹಳ. ಹೊಟ್ಟೆಯ ಪಾಡಿನ ಭೂಮಿಯನ್ನು ಸಂತೋಷದಿಂದ ಬಿಡುವ ರೈತನನ್ನು ಯಾವ ತಲಾಠಿಯು ಕಂಡಿರುವನೋ ನಾವರಿಯೆವು. ಹಳೆಯ ಮೋಜಣಿಯಲ್ಲಿ ಲೇಖಣಿ ಮಾಡಿದ್ದ ಕೆಲಸವನ್ನೇ ಹೊಸ ಕಾಯದೆಯಲ್ಲಿಯೂ ಲೇಖಣಿ ಮಾಡಿತು.

ಅದರ ಫಲವು ಉಣ್ಣಬೇಕಾದಲ್ಲಿ ಉಣ್ಣಿಸಿತು. ‘ಮಾ ಭೂಮಿ’ ಸಿದ್ಧವಾಗುತ್ತಿದ್ದ ದಿನಗಳಲ್ಲಿಯೇ, 1978ರಲ್ಲಿ, ಅದೇ ತೆಲಂಗಾಣದ ಕರೀಂನಗರ ಜಿಲ್ಲೆಯಲ್ಲಿ ರೈತಕೂಲಿಗಳು ಮತ್ತೆ ಬಿಟ್ಟಿಯ ವಿರುದ್ಧ, ಜಮೀನುದಾರರ ವಿರುದ್ಧ ಎದ್ದಿದ್ದರು. ಸರಕಾರವು ಜಗಿತ್ಯಾಲ, ಸಿರಿಸಿಲ್ಲ ತಾಲೂಕುಗಳನ್ನು ಗಲಭೆಯ ಪ್ರದೇಶಗಳೆಂದು ಸಾರಿತು. ಆ ಕಿಡಿಯಿಂದ ಎದ್ದ ನಕ್ಸಲೀಯರ ಹೋರಾಟವು ಮುಂದೆ ದಶಕಗಳ ಕಾಲ ಎಷ್ಟು ಮನೆಗಳನ್ನು ಹಾಳುಮಾಡಿತೆಂಬುದನ್ನು ಹೇಳಬೇಕಾಗಿಲ್ಲ. ಸತ್ತವರಲ್ಲಿ ದಳದವನೂ ಬಡವರ ಮಗ, ಪೊಲೀಸ ಪೇದೆಯೂ ಬಡವರ ಮಗ. ಮೂವತ್ತು ವರುಷಗಳ ಹಿಂದಿನ ಕಥೆಯೆಂದು ತಿಳಿದು ಚಿತ್ರಮಂದಿರಕ್ಕೆ ಹೋದವರು ಅಂದಿನ ಬೆಳಗಿನ ಪತ್ರಿಕೆಯ ಸುದ್ದಿಯನ್ನೇ ಪರದೆಯ ಮೇಲೆ ಕಂಡರು. ಚಿತ್ರವನ್ನು ನೋಡಿ ಜನರು ಕೆಡುವರೆಂದು ಹೆದರುವವರುಂಟು. ಚಿತ್ರವು ಜನರನ್ನು ಕಾಡಿಗೆ ಅಟ್ಟಲಿಲ್ಲ. ಕಾಡಿಗೆ ಹೋಗುವ ದಾರಿ ಕಚೇರಿಯ ಮೆಟ್ಟಿಲಿನಿಂದ ಮೊದಲಾಗುತ್ತದೆಂದು ತೋರಿಸಿತು, ಅಷ್ಟೇ.

ಆದುದರಿಂದ ನಾವು ಈ ಚಿತ್ರಪಟವನ್ನು ಶಿಫಾರಸು ಮಾಡುವದು ಯುವಕರಿಗಿಂತ ಹೆಚ್ಚಾಗಿ ಅಧಿಕಾರದಲ್ಲಿರುವವರಿಗೆ. ಜಿಲ್ಲೆಯ ಕಚೇರಿಯಲ್ಲಿ ಕುಳಿತವರು, ತಾಲೂಕಿನ ದಫ್ತರವನ್ನು ನೋಡಿಕೊಳ್ಳುವವರು, ಠಾಣೆಯ ಮುಖ್ಯರು ಇದನ್ನು ಒಮ್ಮೆ ನೋಡಲಿ. ರಾಮಯ್ಯನು ಬಂದೂಕು ಹಿಡಿಯುವ ದೃಶ್ಯಕ್ಕಿಂತ, ಅದಕ್ಕೆ ಮೊದಲು ಅವನು ಬರಿಗೈಯಲ್ಲಿ ನಿಂತ ದೃಶ್ಯಗಳನ್ನು ಲಕ್ಷ್ಯಗೊಟ್ಟು ನೋಡಲಿ. ಅಲ್ಲೆಲ್ಲ ಒಬ್ಬ ನ್ಯಾಯವಂತ ಅಧಿಕಾರಿ ಅಡ್ಡ ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಈ ಚಿತ್ರವೇ ಹುಟ್ಟುತ್ತಿರಲಿಲ್ಲ. ಇಂದು ಕಚೇರಿಯ ಭಾಷೆ ಜನರ ಭಾಷೆಯೇ ಆಗಿದೆ. ಬಿಟ್ಟಿಯನ್ನು ಸಂವಿಧಾನವೇ ನಿಷೇಧಿಸಿದೆ. 1976ರ ಕಾಯದೆಯಿಂದ ಜೀತವೂ ಅಪರಾಧವೆನಿಸಿದೆ. ಕಾಯದೆಗಳ ಕೊರತೆ ನಮಗಿಲ್ಲ. ದೂರು ತಂದವನಿಗೆ ಕುಳಿತುಕೊಳ್ಳೆಂದು ಹೇಳಿ, ಅವನ ಅರ್ಜಿಯನ್ನು ಓದಿ, ಅದೇ ತಿಂಗಳಲ್ಲಿ ಅವನಿಗೊಂದು ಉತ್ತರವನ್ನು ಕೊಡುವ ಕೆಲಸವು ಉಳಿದಿದೆ. ಅಷ್ಟನ್ನು ಮಾಡಿದ ತಾಲೂಕಿಗೆ ಸೈನ್ಯವನ್ನು ಕಳಿಸುವ ಪ್ರಸಂಗವು ಬರಲಾರದೆಂದು ನಾವು ನಂಬುತ್ತೇವೆ.